ಗೋಡೆ ಓದಿಸಿದ ಲಾರಿ

"ನಿನ್ನ ಲಾರಿ ಎದುರಿಗೆ ಬಂದ್ರೆ ಯಾರಿಗೂ ದಾರಿ ಬಿಡಬೇಕು ಅನ್ನಿಸಲ್ಲ ಕಣೋ. ಅಯ್ಯೋ ಪಾಪ, ಕೈಹಿಡಿದು ರಸ್ತೆ ದಾಟಿಸೋಣ ಅನ್ನಿಸುತ್ತೆ!"

ಇದನ್ನು ಮ್ಯಾನೇಜರ್ ಪಕ್ಕಕ್ಕೆ ಕರೆದು ಹೇಳಬಹುದಿತ್ತು. ಅವನ ಆಫೀಸಿಗೆ ಬಾಗಿಲಿದೆ, ಬಾಗಿಲಿಗೆ ಚಿಲಕವೂ ಇದೆ. ಆದರೆ ಕೇಳುವ ಜನ ಇಲ್ಲದಿದ್ದರೆ ಬೈದವನಿಗೆ ಹೊಟ್ಟೆ ತುಂಬುವುದಿಲ್ಲ. ಅದಕ್ಕೇ ಅವನು ಆಫೀಸಿನ ಮೆಟ್ಟಿಲ ಮೇಲೆ ನಿಂತು, ಯಾರ್ಡಿನ ಅಷ್ಟೂ ಡ್ರೈವರುಗಳು ಟೀ ಲೋಟ ಹಿಡಿದು ಆ ದಿನದ ಲೋಡಿಗೆ ಕಾಯುತ್ತಿದ್ದ ಹೊತ್ತು ನೋಡಿಯೇ ಬಾಯಿ ಬಿಟ್ಟ.

"ಅದು ಹೆಡ್‌ಲೈಟಾ? ಬಾಯಲ್ಲಿ ಬೀಡಿ ಕಚ್ಚಿಕೊಂಡು ಓಡಿಸಿದ್ರೆ ಅದಕ್ಕಿಂತ ಬೆಳಕು ಬೀಳುತ್ತೆ. ಹತ್ತಿದೆಯೋ ಆರಿದೆಯೋ ನೋಡೋಕೇ ಒಂದು ಟಾರ್ಚು ಬೇಕು. ಮಿಣುಕು ಮಿಣುಕು! ಗಾಡಿ ಹೇಗೋ ಡ್ರೈವರೂ ಹಾಗೇ. ಕೇಳಿದ್ರೇನ್ರೋ, ಮಿಣುಕ ರಾತ್ರಿ ಲೈನಿಗೆ ಹೋಗ್ತಾನಂತೆ!"

ಎಲ್ಲರೂ ನಕ್ಕರು. ಮೀಸೆ ಎಂದು ಕರೆಸಿಕೊಳ್ಳುವ ಹಿರಿಯ ಡ್ರೈವರ್ ಎಷ್ಟು ನಕ್ಕನೆಂದರೆ ಕುಡಿದ ಟೀ ಮೂಗಿನಿಂದ ಇಳಿದು ಮೀಸೆಯಲ್ಲೇ ಇಂಗಿತು. ಬೈಸಿಕೊಂಡವನಿಗೆ ಹೆತ್ತವರು ಇಟ್ಟ ಹೆಸರು ಆ ಕ್ಷಣಕ್ಕೆ ಯಾರ್ಡಿನಲ್ಲಿ ಸತ್ತುಹೋಯಿತು. ಮಿಣುಕ ಅನ್ನುವುದೇ ಉಳಿಯಿತು. ನಾವೂ ಹಾಗೇ ಕರೆಯೋಣ. ಕೆಳಗೆ ನಿಂತವನಿಗೆ ಹೆಸರಿಡುವ ಹಕ್ಕು ಯಾವತ್ತೂ ಮೆಟ್ಟಿಲ ಮೇಲೆ ನಿಂತವನದೇ ತಾನೆ.

ಅವನು ಮಾಡಿದ್ದ ಅಪರಾಧ ಇಷ್ಟೇ, ಯಾರಿಗೂ ಬೇಡದ ಕೆಲಸವನ್ನು ತನಗೆ ಕೊಡಿ ಎಂದು ಕೇಳಿದ್ದ. ಸಂಜೆ ಲೋಡು ತುಂಬಿಸಿಕೊಂಡು ಪಕ್ಕದೂರಿನ ಕೋಲ್ಡ್ ಸ್ಟೋರೇಜಿಗೆ ಹೋಗಿ, ಬೆಳಗಿನ ಜಾವ ಖಾಲಿ ಗಾಡಿ ತಂದು ನಿಲ್ಲಿಸುವ ಕೆಲಸ. ಅದಕ್ಕೆ ಯಾರ್ಡಿನಲ್ಲಿ ರಾತ್ರಿ ಲೈನು ಎನ್ನುತ್ತಾರೆ. ಅದನ್ನು ಓಡಿಸುತ್ತಿದ್ದವನು ಸೊಂಟ ಹಿಡಿದುಕೊಂಡು ಕೆಲಸ ಬಿಟ್ಟಿದ್ದ, ಅವನ ಲಾರಿಯನ್ನೂ ಯಾರ್ಡಿನವರು ಮಾರಿಬಿಟ್ಟಿದ್ದರು. ಉಳಿದ ಡ್ರೈವರುಗಳು ರಾತ್ರಿ ಲೈನು ಎಂದರೆ ಜ್ವರ ಬಂದವರ ಹಾಗೆ ಮುಖ ಮಾಡುತ್ತಿದ್ದರು. ಮಿಣುಕ ಒಬ್ಬನೇ ಕೈ ಎತ್ತಿದ. ಕೈ ಎತ್ತಿದವನ ತಲೆಗೇ ಮೊದಲು ಕುಟ್ಟುವುದು ಈ ಲೋಕದ ಪದ್ಧತಿ.

"ಸಾರ್, ಲೈಟ್ ಸರಿ ಮಾಡ್ಕೊಂಡ್ರೆ ಕೊಡ್ತೀರಾ?" ಎಂದ ಮಿಣುಕ.

"ಇವತ್ತು ನಿನಗೆ ಲೋಡಿಲ್ಲ. ಸಂಜೆ ಯಜಮಾನರು ಬರ್ತಾರೆ. ಗೋಡೆ ಓದಿಸು. ಓದಿಸಿದ್ರೆ ಗಾಡಿ ರಾತ್ರಿ ಲೈನಿಗೆ. ಇಲ್ಲಾಂದ್ರೆ ಸಾಯೋವರೆಗೂ ಇಟ್ಟಿಗೆ ಹೊರು."

ಗೋಡೆ ಓದಿಸುವುದು ಆ ಯಾರ್ಡಿನದೇ ಒಂದು ಪರೀಕ್ಷೆ. ಗೋಡೌನಿನ ಉದ್ದ ಗೋಡೆಯ ಮೇಲೆ ಯಾರೋ ಬಹಳ ಹಿಂದೆ ಬಣ್ಣದಲ್ಲಿ ಬರೆಸಿದ್ದರು: "ಇಲ್ಲಿ ಮೂತ್ರ ಮಾಡಬಾರದು. ಮಾಡಿದವನು ಕತ್ತೆ." ರಾತ್ರಿ ಲೈನಿಗೆ ಹೋಗುವ ಲಾರಿ ಕತ್ತಲಾಗುವ ಹೊತ್ತಿಗೆ ತೂಕದ ಕಟ್ಟೆಯ ಹತ್ತಿರ ನಿಂತು ಆ ಗೋಡೆಗೆ ಬೆಳಕು ಬಿಡಬೇಕು. ಯಜಮಾನರು ಪಕ್ಕದಲ್ಲಿ ಕುರ್ಚಿ ಹಾಕಿಸಿಕೊಂಡು, ಕನ್ನಡಕ ತೆಗೆದು, ಗೋಡೆಯನ್ನು ಗಟ್ಟಿಯಾಗಿ ಓದುತ್ತಾರೆ. 'ಕತ್ತೆ' ಎನ್ನುವವರೆಗೆ ಓದಿದರೆ ಗಾಡಿ ಪಾಸು. ಹಿಂದೊಮ್ಮೆ ಒಂದು ಲಾರಿಯ ಬೆಳಕಿಗೆ ಅವರಿಗೆ 'ಇಲ್ಲಿ ಮೂತ್ರ' ಎನ್ನುವವರೆಗೆ ಮಾತ್ರ ಕಂಡಿತ್ತು. ಆ ಲಾರಿ ಇವತ್ತಿಗೂ ಇಟ್ಟಿಗೆ ಹೊರುತ್ತಿದೆ.

ಎಲ್ಲರೂ ಓಡಿಹೋಗುವ ರಾತ್ರಿ ಲೈನಿನ ಮೇಲೆ ಮಿಣುಕನಿಗೆ ಆಸೆ ಬರಲು ಕಾರಣ ಮೂರು ವರ್ಷದ ಮಗಳು. ಅವನ ಹೆಂಡತಿಗೆ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಹಗಲು ಕೆಲಸ. ವರ್ಷಗಟ್ಟಲೆ ದಿನಗೂಲಿಯಲ್ಲಿ ರಕ್ತದ ಕಲೆ ತಿಕ್ಕಿದ ಮೇಲೆ ಈಗ ಕೆಲಸ ಕಾಯಂ ಮಾಡುತ್ತೇವೆ ಎಂದಿದ್ದರು. ಆದರೆ ಒಂದು ದಿನವೂ ತಪ್ಪಿಸುವಂತಿಲ್ಲ, ಒಪ್ಪಿಗೆಯಾ ಇಲ್ಲವಾ ಇವತ್ತು ಸಂಜೆಯೊಳಗೆ ಹೇಳಬೇಕು. ಅದೇ ಸಮಯಕ್ಕೆ, ಮಗುವನ್ನು ನೋಡಿಕೊಳ್ಳುತ್ತಿದ್ದ ಎದುರುಮನೆ ಅಕ್ಕನಿಗೂ ಅಂಗಡಿಯೊಂದರಲ್ಲಿ ಕೆಲಸ ಸಿಕ್ಕಿ, ನಾಳೆಯಿಂದ ಆಗಲ್ಲ ಎಂದು ಕೈ ಮುಗಿದಿದ್ದಳು. ಮಿಣುಕ ರಾತ್ರಿ ಓಡಿಸಿ ಹಗಲು ಮನೆಯಲ್ಲಿದ್ದರೆ ಹೆಂಡತಿಯ ಕೆಲಸ ಉಳಿಯುತ್ತದೆ. ಅವನು ಹಗಲು ಓಡಿಸಿದರೆ ಅವಳು ಕೆಲಸ ಬಿಡಬೇಕು.

"ಕೇಳಿದ್ರಾ? ಕೊಟ್ರಾ?" ಎಂದು ಹೆಂಡತಿ ಫೋನು ಮಾಡಿದಳು. ಹಿಂದೆ ಬಟ್ಟೆ ಒಗೆಯುವ ಯಂತ್ರಗಳು ಗುಡುಗುತ್ತಿದ್ದವು.

"ಸಂಜೆಗೆ ಹೇಳ್ತೀನಿ."

"ಸಂಜೆಗೆ ನಾನೂ ಹೇಳಬೇಕು. ನೆನಪಿದೆ ತಾನೆ?"

"ಇದೆ ಮಾರಾಯ್ತಿ. ಲೈಟ್ ಒಂದು ಸರಿಯಾಗ್ಬೇಕು ಅಷ್ಟೆ."

ಲೈಟ್ ಒಂದು ಸರಿಯಾಗಬೇಕು. ಅಷ್ಟೆ. ಮನುಷ್ಯನನ್ನು ಮುಳುಗಿಸುವುದು ಯಾವಾಗಲೂ ಈ 'ಅಷ್ಟೆ' ಅನ್ನುವ ಮಾತೇ.

ಮೊದಲ ಸಲಹೆ ಯಾರ್ಡಿನ ಗೇಟಿನಲ್ಲೇ ಸಿಕ್ಕಿತು. ವಾಚ್‌ಮನ್ ಬಾಯಲ್ಲಿ ಬ್ರಷ್ ಇಟ್ಟುಕೊಂಡು ಅಡ್ಡ ನಿಂತ. "ಗಾಜು ಮಂಜಾಗಿದೆ ಕಣಯ್ಯ. ಪೇಸ್ಟ್ ಹಾಕಿ ತಿಕ್ಕು. ನನ್ನ ಅಳಿಯನ ಕಾರಿಗೆ ಹಾಗೇ ಮಾಡಿದ್ದು. ಈಗ ಅದು ರಸ್ತೆಗೆ ಬಂದ್ರೆ ಸೂರ್ಯ ನಾಚಿಕೊಳ್ತಾನೆ." ಎನ್ನುತ್ತಾ ತನ್ನದೇ ಪೇಸ್ಟಿನ ಟ್ಯೂಬನ್ನು ಕೈಗಿಟ್ಟ.

ಮಿಣುಕ ಲಾರಿಯ ಎರಡೂ ಕಣ್ಣುಗಳಿಗೆ ಪೇಸ್ಟ್ ಬಳಿದು, ಹಳೆಯ ಬನಿಯನ್ನಿನಲ್ಲಿ ತೋಳು ಬೀಳುವವರೆಗೆ ತಿಕ್ಕಿದ. ಅಳಿಯನ ಕಾರಿನದು ಪ್ಲಾಸ್ಟಿಕ್, ಲಾರಿಯದು ಗಾಜು ಎಂಬುದು ವಾಚ್‌ಮನ್‌ಗೆ ಹೊಳೆಯಲಿಲ್ಲ. ಹೊಳೆಯಬೇಕಾದ ಲೈಟೂ ಹೊಳೆಯಲಿಲ್ಲ. ಗಾಜಿನ ಹಿಂದೆ, ಬೆಳಕನ್ನು ಮುಂದಕ್ಕೆ ತಳ್ಳಬೇಕಾದ ಬಟ್ಟಲೇ ತುಕ್ಕು ಹಿಡಿದು ಕಂದಿತ್ತು. ಟ್ಯೂಬು ಖಾಲಿಯಾಯಿತು. ಲಾರಿಯ ಬಾಯಿಂದ ಪುದೀನ ವಾಸನೆ ಬರತೊಡಗಿತು.

"ಬೆಳಕು ಬರದಿದ್ರೇನು, ಉಸಿರಾದ್ರೂ ಶುದ್ಧ ಆಯ್ತಲ್ಲ," ಎಂದ ಮೀಸೆ ತನ್ನ ಲಾರಿ ಹತ್ತುತ್ತಾ. "ಈಗ ನೀನು ಎದುರು ಗಾಡಿಗೆ ಮುತ್ತು ಕೊಡಬಹುದು."

ಮಿಣುಕ ಸ್ಪೇರ್ ಪಾರ್ಟ್ಸ್ ಅಂಗಡಿಗೆ ಹೋದ.

ಅಂಗಡಿಯವನು ಕೌಂಟರಿನಿಂದ ತಲೆ ಎತ್ತಲೂ ಇಲ್ಲ. "ಬಲ್ಬು ಹಾಕು."

"ಬಲ್ಬು ಇದೆಯಲ್ಲ ಅಣ್ಣ. ಬೆಳಕೇ ಇಲ್ಲ."

"ಇದೆಯಲ್ಲ ಅಂದ್ರೆ? ನಿನ್ನದು ಮಾಮೂಲಿ ಬಲ್ಬು. ಇದು ನೋಡು, ರ‍್ಯಾಲಿ ಬಲ್ಬು. ಡಬಲ್ ವ್ಯಾಟ್. ಇದನ್ನ ಹಾಕಿದ್ರೆ ಎದುರುಗಡೆಯವನು ಕಣ್ಣು ಮುಚ್ಚಿಕೊಂಡೇ ಊರು ಸೇರಬೇಕು."

"ವೈರಿಂಗ್ ಹಳೇದು. ತಡೆಯುತ್ತಾ?"

"ಹಳೇ ವೈರು ಹಳೇ ಮನುಷ್ಯರ ಹಾಗೆ ಕಣಯ್ಯ, ಎಲ್ಲಾ ತಡೆಯುತ್ತೆ. ಈಗಿನದೇ ಸುಟ್ಟುಹೋಗೋದು."

ಅಂಗಡಿಯವನು ಮಾರಬೇಕಾದದ್ದು ಬಲ್ಬು, ಆದ್ದರಿಂದ ಕಾಯಿಲೆಯೂ ಬಲ್ಬಿನದೇ. ಮಿಣುಕ ಡಬಲ್ ವ್ಯಾಟಿನ ಎರಡು ಬಲ್ಬು ಕೊಂಡು ಅಲ್ಲೇ ಹಾಕಿದ. ಆದರೆ ನೆತ್ತಿಯ ಮೇಲೆ ಬಿಸಿಲು ಉರಿಯುವಾಗ ಹೆಡ್‌ಲೈಟಿನ ಬೆಳಕು ಹೆಚ್ಚಾಯಿತೋ ಇಲ್ಲವೋ ತಿಳಿಯುವುದು ಹೇಗೆ? ಹೇಗೂ ಮಗಳಿಗೆ ಊಟ ಮಾಡಿಸಬೇಕಿತ್ತು. ಲಾರಿಯನ್ನು ಮನೆಯ ಓಣಿಗೇ ತಂದು ನಿಲ್ಲಿಸಿ, ಮಗುವಿಗೆ ನಾಲ್ಕು ತುತ್ತು ತಿನ್ನಿಸಿ, ಲೋಡಿಗೆ ಮುಚ್ಚುವ ದೊಡ್ಡ ಟಾರ್ಪಾಲನ್ನು ಎಳೆದು ಲಾರಿಯ ಮುಖಕ್ಕೂ ಎದುರಿನ ಕಾಂಪೌಂಡಿಗೂ ಸೇರಿಸಿ ಇಳಿಬಿಟ್ಟ. ಒಳಗೆ ಒಳ್ಳೆಯ ಕತ್ತಲಾಯಿತು.

ಓಣಿಯಲ್ಲಿ ಒಬ್ಬ ಟಾರ್ಪಾಲಿನೊಳಗೆ ನುಗ್ಗಿದರೆ ಉಳಿದವರು ಮನೆಯೊಳಗೆ ಕೂರುತ್ತಾರೆಯೇ? ಮೊದಲು ಮನೆ ಓನರ್ ಬಂದ.

"ಏನಿದು, ನನ್ನ ಕಾಂಪೌಂಡಿಗೆ ಡೇರೆ?"

"ಲೈಟ್ ನೋಡ್ತಿದೀನಿ ಸಾರ್, ಐದೇ ನಿಮಿಷ."

"ಎಲ್ಲಿ, ನಾನೂ ನೋಡ್ತೀನಿ," ಎಂದು ಓನರ್ ಒಳಗೆ ತೂರಿದ. ಅವನ ಹಿಂದೆ ಅಳತೆ ಟೇಪು ಕೊರಳಲ್ಲಿ ನೇತುಹಾಕಿಕೊಂಡ ಟೈಲರ್. ಟೈಲರನ ಹಿಂದೆ ಮಗುವನ್ನು ಸೊಂಟಕ್ಕೇರಿಸಿಕೊಂಡ ಎದುರುಮನೆ ಅಕ್ಕ. ಕೊನೆಗೆ ಮಿಣುಕನ ಭಾವಮೈದ. ಅವನು ಮೊಬೈಲ್ ಕವರು, ಚಾರ್ಜರು ಮಾರುವ ಅಂಗಡಿ ಇಟ್ಟುಕೊಂಡಿದ್ದಾನೆ. ಆದ್ದರಿಂದ ಜಗತ್ತಿನಲ್ಲಿ ವೈರು ಇರುವ ಯಾವುದೇ ವಸ್ತುವಿನ ಬಗ್ಗೆ ಅವನ ಮಾತೇ ಕೊನೆ.

"ಭಾವ, ನನಗೊಂದು ಮಾತು ಹೇಳಬಾರದಿತ್ತಾ?"

"ಹೇಳಬಾರದು ಅಂತಲೇ ಹೇಳಲಿಲ್ಲ," ಎಂದು ಮಿಣುಕ ಕ್ಯಾಬಿನ್ ಹತ್ತಿ ಸ್ವಿಚ್ ಒತ್ತಿದ.

ಟಾರ್ಪಾಲಿನೊಳಗೆ ಹಗಲಾಯಿತು. "ಅಬ್ಬಬ್ಬಾ!" ಎಂದರು ಎಲ್ಲರೂ. ಆ ಬೆಳಕಿನಲ್ಲಿ ಓನರನ ಕೂದಲಿನ ಬಣ್ಣ ಎಲ್ಲಿಂದ ಶುರುವಾಗಿ ಎಲ್ಲಿಗೆ ಮುಗಿಯುತ್ತದೆ ಎಂಬುದು ಟೈಲರನಿಗೆ ದಾರ ಎಳೆದ ಹಾಗೆ ಕಂಡಿತು. "ಸಾರ್, ನಿಮ್ಮ ಬೈತಲೆ ಹತ್ರ ಸ್ವಲ್ಪ ಬಿಟ್ಟುಹೋಗಿದೆ," ಎಂದ. ಓನರ್ ಅವನನ್ನು ನುಂಗುವ ಹಾಗೆ ನೋಡಿದ.

ಕ್ಯಾಬಿನಿನಲ್ಲಿ ಮಿಣುಕ ಮೊದಲ ಸಲ ನಕ್ಕ. ಹೆಂಡತಿಗೆ ಫೋನು ಮಾಡಲು ಜೇಬಿಗೆ ಕೈ ಹಾಕಿದ.

"ಏನೋ ಸುಡ್ತಿದೆಯಲ್ಲ," ಎಂದಳು ಎದುರುಮನೆ ಅಕ್ಕ ಕೆಳಗಿನಿಂದ.

"ಯಾರದೋ ಮನೇಲಿ ಒಗ್ಗರಣೆ ಸೀದಿರಬೇಕು," ಎಂದ ಓನರ್.

ಸೀದದ್ದು ಡ್ಯಾಶ್‌ಬೋರ್ಡು. ಲಾರಿಯಷ್ಟೇ ವಯಸ್ಸಾದ ಸ್ವಿಚ್ಚು ಡಬಲ್ ವ್ಯಾಟಿನ ಭಾರ ಹೊರಲಾರದೆ ಬೆಲ್ಲದ ಹಾಗೆ ಕರಗಿತು. ಹಿಂದಿನ ವೈರುಗಳು ಸಿಪ್ಪೆ ಕಳಚಿಕೊಂಡು ಒಂದನ್ನೊಂದು ತಬ್ಬಿಕೊಂಡವು. ಲೈಟ್ ಆರಿತು. ಅದರ ಬದಲು ಹಾರ್ನ್ ಹೊಡೆದುಕೊಳ್ಳತೊಡಗಿತು.

ಲಾರಿ ಹಾರ್ನು ಹೆದ್ದಾರಿಯಲ್ಲಿ ಕೇಳಲಿಕ್ಕೆ ಮಾಡಿದ್ದು. ಅದನ್ನು ಟಾರ್ಪಾಲಿನ ಕತ್ತಲೆಯಲ್ಲಿ, ಮೂತಿಗೆ ಕಿವಿ ಇಟ್ಟುಕೊಂಡು ನಿಂತಾಗ ಕೇಳಿದರೆ ಮನುಷ್ಯನಿಗೆ ಹುಟ್ಟಿದ ದಿನದಿಂದ ಮಾಡಿದ್ದೆಲ್ಲ ನೆನಪಾಗುತ್ತದೆ. ಎಲ್ಲರೂ ಒಟ್ಟಿಗೆ ಹೊರಗೋಡಲು ನೋಡಿದರು. ಯಾರಿಗೂ ಟಾರ್ಪಾಲಿನ ಅಂಚು ಸಿಗಲಿಲ್ಲ. ಟೈಲರ್ ಓನರನ ಪಂಚೆ ಹಿಡಿದ. ಓನರ್ ಕಾಂಪೌಂಡು ಅಂದುಕೊಂಡು ಟೈಲರನ ತಲೆ ಹಿಡಿದ. ಮಿಣುಕ ಸ್ವಿಚ್ಚಿಗೆ ತಾಗಿ ಸುಟ್ಟ ಹೆಬ್ಬೆರಳು ಬಾಯಲ್ಲಿಟ್ಟುಕೊಂಡು ಕೆಳಗೆ ಹಾರಿ, ಬ್ಯಾಟರಿಯ ವೈರು ಕಿತ್ತೆಸೆಯುವ ಹೊತ್ತಿಗೆ ಇಡೀ ಓಣಿ ಬೀದಿಯಲ್ಲಿತ್ತು. ಓನರ್ ಅರ್ಧ ಪಂಚೆಯಲ್ಲಿದ್ದ.

ಸಂತೋಷಪಟ್ಟದ್ದು ಮಗು ಒಂದೇ. "ಅಪ್ಪಾ, ಇನ್ನೊಂದ್ಸಲ!" ಎಂದು ಚಪ್ಪಾಳೆ ತಟ್ಟಿತು.

"ಇನ್ನೊಂದ್ಸಲ ಈ ಲಾರಿ ಓಣಿಗೆ ಬಂದ್ರೆ ಮನೆ ಖಾಲಿ ಮಾಡು," ಎಂದು ಪಂಚೆ ಸುತ್ತಿಕೊಳ್ಳುತ್ತಾ ಹೋದ ಓನರ್.

ಭಾವಮೈದ ಮಾತ್ರ ಈ ಹೊತ್ತಿಗಾಗಿಯೇ ಹುಟ್ಟಿದವನ ಹಾಗೆ ಮುಂದೆ ಬಂದ. "ಭಾವ, ನೀವಿನ್ನೂ ಬಲ್ಬಿನ ಕಾಲದಲ್ಲೇ ಇದೀರ. ಈಗೆಲ್ಲ ಎಲ್‌ಇಡಿ. ಕರೆಂಟೇ ಎಳೆಯಲ್ಲ, ಬಿಸಿಯೇ ಆಗಲ್ಲ. ನನ್ನ ಅಂಗಡೀಲೇ ಇದೆ."

"ಲಾರಿದಾ?"

"ಬೈಕಿಂದು. ಬೆಳಕಿಗೆ ಬೈಕು ಯಾವುದು, ಲಾರಿ ಯಾವುದು?"

ಬೇರೆ ದಾರಿ ಇರಲಿಲ್ಲ. ಹೆಂಡತಿ ಆಗಲೇ ಇನ್ನೊಂದು ಸಲ ಫೋನು ಮಾಡಿದ್ದಳು. ಅವನು ಎತ್ತಿರಲಿಲ್ಲ. ಮಗುವನ್ನು ಎದುರುಮನೆ ಅಕ್ಕನ ಕೈಗೆ ಕೊಟ್ಟು, ಇಬ್ಬರೂ ಒಂದಕ್ಕೊಂದು ಅಂಟಿದ ವೈರುಗಳನ್ನು ಬಿಡಿಸಿ, ಎಲ್‌ಇಡಿ ತೂರಿಸಿ, ಅದರ ವೈರನ್ನು ನೇರ ಬ್ಯಾಟರಿಗೆ ಸಿಕ್ಕಿಸಿ, ಕತ್ತಲು ಹುಡುಕಿಕೊಂಡು ರೈಲ್ವೆ ಸೇತುವೆಯ ಕೆಳಗಿನ ಸುರಂಗದಂಥ ರಸ್ತೆಗೆ ಹೋದರು.

ಬೆಳಕೇನೋ ಬಂತು. ಹಾಲಿನಂಥ ಬಿಳಿ ಬೆಳಕು. ಆದರೆ ಬೇರೆ ಬಲ್ಬಿಗೆಂದು ಮಾಡಿದ ಹಳೆಯ ಬಟ್ಟಲಿಗೆ ಈ ಹೊಸ ಅತಿಥಿಯನ್ನು ಎತ್ತ ಕಳಿಸಬೇಕೆಂದು ತಿಳಿಯಲಿಲ್ಲ. ರಸ್ತೆ ಒಂದನ್ನು ಬಿಟ್ಟು ಎಲ್ಲ ಕಡೆಗೂ ಕಳಿಸಿತು. ಸೇತುವೆಯ ತೊಲೆಗಳಲ್ಲಿ ಮಲಗಿದ್ದ ಪಾರಿವಾಳಗಳೆಲ್ಲ ಗಾಬರಿಯಿಂದ ಎದ್ದು, ಕೆಳಗೆ ನಿಂತು "ಹೇಗಿದೆ ಭಾವ?" ಎಂದು ಕೇಳುತ್ತಿದ್ದವನ ಅಂಗಿಯ ಮೇಲೆ ತಮ್ಮ ಅಭಿಪ್ರಾಯ ತಿಳಿಸಿ ಹಾರಿಹೋದವು.

ಎದುರಿನಿಂದ ಬಂದ ಬಸ್ಸೊಂದು ಕಣ್ಣು ಕುಕ್ಕಿಸಿಕೊಂಡು ಗಕ್ಕನೆ ನಿಂತಿತು. ಡ್ರೈವರ್ ಕಿಟಕಿಯಿಂದ ಅರ್ಧ ದೇಹ ಹೊರಹಾಕಿದ. "ಏಯ್! ಲಾರಿ ಓಡಿಸ್ತೀಯೋ ಆಪರೇಷನ್ ಮಾಡ್ತೀಯೋ? ಆರಿಸೋ ಅದನ್ನ!"

"ಆರಿಸೋಕೆ ಸ್ವಿಚ್ ಇಲ್ಲಣ್ಣ, ಸುಟ್ಟುಹೋಗಿದೆ."

"ಹಾಗಾದ್ರೆ ನೀನೂ ಸುಟ್ಟುಹೋಗು!" ಬಸ್ಸಿನ ಪ್ರಯಾಣಿಕರೆಲ್ಲ ಕಿಟಕಿಯಿಂದ ತಲೆ ಹಾಕಿ ತಮ್ಮ ಪಾಲಿನ ಒಂದೊಂದು ಮಾತು ಸೇರಿಸಿ ಹೋದರು. ಆ ದಿನ ಅವನನ್ನು ಬೈಯಲು ಜನಕ್ಕೆ ಟಿಕೆಟ್ಟೇ ಬೇಕಿರಲಿಲ್ಲ.

ಭಾವಮೈದ ಕರ್ಚೀಫಿನಿಂದ ಅಂಗಿ ಒರೆಸಿಕೊಳ್ಳುತ್ತಾ ಮೆಲ್ಲಗೆ ಹೇಳಿದ. "ಎಲೆಕ್ಟ್ರಿಷಿಯನ್ ಹತ್ರ ಹೋಗೋಣ್ವಾ ಭಾವ?"

ಮಿಣುಕ ಅವನ ಮುಖವನ್ನೇ ನೋಡಿದ. ಹೊಡೆದರೆ ಹೆಂಡತಿಗೆ ಬೇಜಾರಾಗುತ್ತದೆ. ಗಾಡಿ ತಿರುಗಿಸಿದ.

ಆಟೋ ಎಲೆಕ್ಟ್ರಿಷಿಯನ್ ತನ್ನ ಅಂಗಡಿಯಲ್ಲಿರಲಿಲ್ಲ. ಪಕ್ಕದ ಕ್ಷೌರದಂಗಡಿಯ ಕುರ್ಚಿಯಲ್ಲಿ ಮುಖದ ತುಂಬ ನೊರೆ ಹಚ್ಚಿಸಿಕೊಂಡು ರಾಜನ ಹಾಗೆ ಮಲಗಿದ್ದ. ಮಿಣುಕ ಬಾಗಿಲಲ್ಲಿ ನಿಂತು ಬೆಳಗಿನಿಂದ ನಡೆದದ್ದನ್ನೆಲ್ಲ ಒಪ್ಪಿಸಿದ. ಅವನು ಕಣ್ಣು ತೆರೆಯಲಿಲ್ಲ.

"ಇವತ್ತು ಕೆಲಸ ಮುಟ್ಟಲ್ಲ. ಸಂಜೆ ಹೆಣ್ಣು ನೋಡೋಕೆ ಹೋಗ್ತಿದೀನಿ. ಕೈ ಮಸಿ ಆಗುತ್ತೆ."

"ಅಣ್ಣ, ಇವತ್ತಿಲ್ಲ ಅಂದ್ರೆ ಆಗಲ್ಲ. ನನ್ನ ಹೆಂಡತಿ ಕೆಲಸ ಹೋಗುತ್ತೆ."

"ಹೆಂಡತಿ ಲಾರಿ ಓಡಿಸ್ತಾಳಾ?" ಎಂದ ಕ್ಷೌರದವನು ಕತ್ತಿ ಮಸೆಯುತ್ತಾ.

ಅದನ್ನೂ ವಿವರಿಸಬೇಕಾಯಿತು. ಕೇಳಿದ ಎಲೆಕ್ಟ್ರಿಷಿಯನ್ನಿಗೆ ಏನನ್ನಿಸಿತೋ, ತಾನೂ ಮದುವೆಯಾಗಲು ಹೊರಟವನಲ್ಲವೇ, ಒಂದು ಕಣ್ಣು ತೆರೆದ. "ನಾನು ಮುಟ್ಟಲ್ಲ. ಬಾಯಲ್ಲಿ ಹೇಳ್ತೀನಿ. ನೀನೇ ಮಾಡು. ನಿನ್ನ ಬಲ್ಬಿಗೇನೂ ರೋಗ ಇಲ್ಲ ಕಣೋ ಪೆದ್ದ. ಬ್ಯಾಟರಿಯಿಂದ ಹೊರಟ ಕರೆಂಟು ಆ ಹಳೇ ವೈರಲ್ಲಿ, ಹಳೇ ಸ್ವಿಚ್ಚಲ್ಲಿ ಊರೆಲ್ಲ ಸುತ್ತಿ ಲೈಟಿಗೆ ಬರೋ ಹೊತ್ತಿಗೆ ಅರ್ಧ ಸತ್ತಿರುತ್ತೆ. ಬ್ಯಾಟರಿಯಿಂದ ಲೈಟಿಗೆ ದಪ್ಪ ವೈರು ನೇರ ಎಳಿ. ನಡುವೆ ಒಂದು ರಿಲೇ ಡಬ್ಬಿ ಹಾಕು. ಸ್ವಿಚ್ಚಿನ ವೈರು ಆ ಡಬ್ಬಿಗೆ 'ಹತ್ತು', 'ಆರು' ಅಂತ ಹೇಳಿದ್ರೆ ಸಾಕು. ಹೊರೋದೆಲ್ಲ ದಪ್ಪ ವೈರು. ಹಳೇದಕ್ಕೆ ಹೇಳೋ ಕೆಲಸ ಮಾತ್ರ."

"ನಮ್ಮ ಮ್ಯಾನೇಜರ್ ಥರ," ಎಂದ ಮಿಣುಕ.

ಕುರ್ಚಿಯಲ್ಲಿದ್ದವನು ನಕ್ಕ. ನಕ್ಕದ್ದಕ್ಕೆ ಗಲ್ಲ ಕೊಯ್ದು ಹೋಯಿತು. ಹೆಣ್ಣು ನೋಡಲು ಹೋಗುವ ಮುಖಕ್ಕೆ ಗಾಯವಾದರೆ ಕೋಪ ಬರದೇ ಇರುತ್ತದೆಯೇ? ಆಮೇಲೆ ಅವನು ಹೇಳಿದ ಪ್ರತಿ ಮಾತಿಗೂ ಒಂದು ಬೈಗುಳದ ಬಾಲವಿತ್ತು.

ಮಧ್ಯಾಹ್ನವೆಲ್ಲ ಹಾಗೇ ಕಳೆಯಿತು. ಮಿಣುಕ ಲಾರಿಯ ಕೆಳಗೆ ಬೆನ್ನ ಮೇಲೆ ಮಲಗಿ ಕೂಗುತ್ತಿದ್ದ, "ಅಣ್ಣಾ, ಅರ್ತ್ ಎಲ್ಲಿಗೆ ಕೊಡಲಿ?" ನೊರೆಯೊಳಗಿನಿಂದ ಏನೋ ಗೊಣಗಾಟ ಕೇಳುತ್ತಿತ್ತು. ಕ್ಷೌರದವನು ಬಾಗಿಲಿಗೆ ಬಂದು ಅದನ್ನು ಬಿಡಿಸಿ ಹೇಳುತ್ತಿದ್ದ. "ಚಾಸಿಗೆ, ಆ ಕಬ್ಬಿಣದ ಚೌಕಟ್ಟಿಗೆ ಕೊಡಬೇಕಂತೆ. ತುಕ್ಕು ಕೆರೆದು ಲೋಹ ಹೊಳೆಯೋ ಹಾಗೆ ಮಾಡಿ ಕೊಡಬೇಕಂತೆ. ನೀನು ಕತ್ತೆಯಂತೆ." ಮತ್ತೆ ಒಳಗೆ ಹೋಗಿ, ಮತ್ತೆ ಬಂದು, "ವೈರು ಸೈಲೆನ್ಸರಿಗೆ ತಾಗಿದ್ರೆ ಲಾರಿ ಸಮೇತ ಸುಡ್ತೀಯಂತೆ. ಹಾಗೆ ಸುಟ್ಟರೆ ಒಳ್ಳೇದೇ ಅಂತೆ."

ಅಂಗಡಿಯ ಹಿಂದೆ ಬಿದ್ದಿದ್ದ ಗುಜರಿ ಲಾರಿಯಿಂದ ಹೊಳಪು ಕೆಡದ ಎರಡು ಬಟ್ಟಲುಗಳನ್ನು ಬಿಚ್ಚಿ ತಂದ. ಬೈಕಿನ ಲೈಟನ್ನು ಕಿತ್ತೆಸೆದು ಮಾಮೂಲಿ ಬಲ್ಬನ್ನೇ ಮತ್ತೆ ಹಾಕಿದ. ಸುಟ್ಟ ಸ್ವಿಚ್ಚಿನ ಜಾಗಕ್ಕೆ ಬೇರೆ ಸ್ವಿಚ್ಚು ಕೂರಿಸಿದ. ಕಣ್ಣಿಗೆ ತುಕ್ಕಿನ ಪುಡಿ ಬಿತ್ತು, ಮೊಣಕೈ ಸುಲಿಯಿತು, ಓಣಿಯಲ್ಲಿ ಸುಟ್ಟ ಹೆಬ್ಬೆರಳು ಬೊಬ್ಬೆ ಎದ್ದು ಒಡೆಯಿತು. ಆದರೆ ಒಂದೊಂದು ವೈರೂ ಎಲ್ಲಿಂದ ಹೊರಟು ಎಲ್ಲಿಗೆ ಹೋಗುತ್ತದೆ, ಯಾಕೆ ಹೋಗುತ್ತದೆ ಎಂಬುದು ಕೈಗೆ ಹತ್ತಿತು. ಅವನಿಗೆ ಯಾರೂ ಇಷ್ಟು ಬೈದು ಇಷ್ಟು ಕಲಿಸಿರಲಿಲ್ಲ. ಶಾಲೆಯಲ್ಲಿ ಬೈಗುಳ ಮಾತ್ರ ಸಿಕ್ಕಿತ್ತು.

ಎಲೆಕ್ಟ್ರಿಷಿಯನ್ ಗಲ್ಲಕ್ಕೆ ಪಟ್ಟಿ ಅಂಟಿಸಿಕೊಂಡು ಹೊರಬಂದು ಲಾರಿಯ ಮೂತಿಯೊಳಗೆ ಒಮ್ಮೆ ಇಣುಕಿದ. "ಪರವಾಗಿಲ್ಲ. ನನ್ನ ಹೊಟ್ಟೆ ಮೇಲೆ ಹೊಡೀಬೇಡ," ಎಂದು ಹೆಣ್ಣು ನೋಡಲು ಹೋದ.

ಬೆಳಕು ಕಂದುವ ಹೊತ್ತಿಗೆ ಲಾರಿ ತೂಕದ ಕಟ್ಟೆಯ ಹತ್ತಿರ ನಿಂತಿತ್ತು. ಯಜಮಾನರು ಕುರ್ಚಿಯಲ್ಲಿ, ಮ್ಯಾನೇಜರ್ ಅವರ ಬೆನ್ನಿಗೆ ಅಂಟಿಕೊಂಡು, ಕೆಲಸ ಮುಗಿಸಿದ ಡ್ರೈವರುಗಳು ಸುತ್ತ ಮುತ್ತ. ನಗಲು ಸಿದ್ಧವಾಗಿಯೇ ಬಂದಿದ್ದರು. ಭಾವಮೈದ ಬೇರೆ ಅಂಗಿ ಹಾಕಿಕೊಂಡು, ಇದೆಲ್ಲ ತನ್ನದೇ ಕೈಚಳಕ ಎಂಬಂತೆ ಮುಂದಿನ ಸಾಲಿನಲ್ಲೇ ನಿಂತಿದ್ದ.

"ಹಾಕಪ್ಪ," ಎಂದರು ಯಜಮಾನರು ಕನ್ನಡಕ ತೆಗೆದು.

ಮಿಣುಕ ಸ್ವಿಚ್ ಒತ್ತಿದ. ಲಾರಿಯ ಮೂತಿಯೊಳಗೆ ರಿಲೇ 'ಟಕ್' ಎಂದಿತು.

ಗೋಡೆ ಎದ್ದು ಹತ್ತಿರ ಬಂದ ಹಾಗಾಯಿತು. ಅಕ್ಷರ ಬಿಡಿ, ಬಣ್ಣ ಬಳಿದವನ ಕುಂಚದ ಕೂದಲು ಎಳೆದ ಗೆರೆಗಳೂ ಕಂಡವು. ಬರಹಕ್ಕೆ ಬೆಲೆ ಕೊಡದವರು ಬಿಟ್ಟುಹೋದ ಕಲೆಗಳು ಕಂಡವು. ಆ ಗಳಿಗೆಯಲ್ಲೂ ಬೆಲೆ ಕೊಡದೆ ನಿಂತಿದ್ದ ಒಬ್ಬ ಹಮಾಲಿ ಕಂಡ. ಅವನು ಎರಡೂ ಕೈ ಮೇಲೆತ್ತಿ ಶರಣಾಗಿ, ಮತ್ತೆ ಒಂದನ್ನು ಅವಸರದಿಂದ ಕೆಳಗಿಳಿಸಿದ.

"ಇಲ್ಲಿ ಮೂತ್ರ ಮಾಡಬಾರದು," ಎಂದು ಯಜಮಾನರು ತಡವರಿಸದೆ ಓದಿದರು. "ಮಾಡಿದವನು ಕತ್ತೆ!"

ಡ್ರೈವರುಗಳು ಶಿಳ್ಳೆ ಹೊಡೆದರು. ನಗಲು ಬಂದವರೇ ಬೆನ್ನು ತಟ್ಟಿದರು. ಭಾವಮೈದ ಆಗಲೇ ತನ್ನ ಅಕ್ಕನಿಗೆ, ಅಂದರೆ ಮಿಣುಕನ ಹೆಂಡತಿಗೆ, ಫೋನು ಮಾಡಿ ಕುಣಿಯುತ್ತಿದ್ದ. "ಅಕ್ಕಾ, ಪಾಸು! ಭಾವಂದು ಪಾಸು! ಗಾಡಿ ರಾತ್ರಿ ಲೈನಿಗೆ! ನೀನು ಒಳಗೆ ಹೋಗಿ ಹ್ಞೂಂ ಅಂತ ಹೇಳಿಬಿಡು, ನಾನು ಫೋನ್ ಹಿಡ್ಕೊಂಡಿರ್ತೀನಿ!"

ಮಿಣುಕ ಕ್ಯಾಬಿನಿನಿಂದ ಇಳಿದ. ಯಜಮಾನರು ಹತ್ತಿರ ಕರೆದು ಹೆಗಲ ಮೇಲೆ ಕೈ ಇಟ್ಟರು.

"ಯಾರ ಹತ್ರ ಮಾಡಿಸಿದೆ?"

"ನಾನೇ ಮಾಡಿದೆ ಸಾರ್."

"ನೀನೇ? ವೈರಿಂಗು, ರಿಲೇ, ಎಲ್ಲಾ?"

"ಎಲ್ಲಾ ನಾನೇ ಸಾರ್." ಆ ಮಾತು ಹೇಳುವಾಗ ಅವನಿಗೆ ಎದೆ ಉಬ್ಬಿತು. ಬೆಳಗಿನಿಂದ ಅವನು ಮಾಡಿದ ತಪ್ಪುಗಳಲ್ಲೆಲ್ಲ ದೊಡ್ಡದು ಅದೇ.

ಯಜಮಾನರು ಮ್ಯಾನೇಜರನ ಕಡೆ ತಿರುಗಿದರು. "ಇಂಥ ಕೈಯನ್ನ ಸ್ಟೀರಿಂಗ್ ಹಿಡಿಸಿ ಹಾಳು ಮಾಡ್ತಿದೀಯಲ್ಲಯ್ಯ. ನಮ್ಮ ಗಾಡಿ ಒಂದಕ್ಕಾದ್ರೂ ನೆಟ್ಟಗೆ ಲೈಟಿದೆಯಾ? ನಾಳೆಯಿಂದ ಇವನು ಶೆಡ್ಡಿಗೆ. ಒಂದೊಂದಾಗಿ ಎಲ್ಲಾ ಗಾಡಿಗೂ ಹೀಗೇ ಮಾಡ್ಲಿ. ಬೆಳಿಗ್ಗೆ ಬರ್ಲಿ, ಸಂಜೆ ಹೋಗ್ಲಿ."

"ಸರಿ ಸಾರ್. ಮತ್ತೆ ಈ ಗಾಡಿ?"

"ಪಾಸಾಯ್ತಲ್ಲ, ರಾತ್ರಿ ಲೈನಿಗೇ. ಮೀಸೆ ಓಡಿಸ್ತಾನೆ."

"ನಾನಾ?" ಮೀಸೆಯ ಮೀಸೆಯೇ ಜೋತುಬಿತ್ತು. "ರಾತ್ರಿನಾ ಸಾರ್? ನನಗೆ ಬಿ.ಪಿ. ಇದೆ!"

"ಇಷ್ಟು ಬೆಳಕಿದ್ರೆ ರಾತ್ರಿ ಎಲ್ಲಿಯದೋ? ಹತ್ತು."

ಮಿಣುಕ ಯಜಮಾನರ ಕಡೆ ಇನ್ನೊಂದು ಹೆಜ್ಜೆ ಇಟ್ಟ. "ಸಾರ್... ನನಗೆ ರಾತ್ರಿ ಲೈನೇ ಬೇಕು. ಅದಕ್ಕೇ ಇಷ್ಟೆಲ್ಲ ಮಾಡಿದ್ದು."

"ನೋಡ್ರೋ, ನೋಡಿ ಕಲೀರಿ!" ಯಜಮಾನರು ಎಲ್ಲರಿಗೂ ಕೇಳುವ ಹಾಗೆ ಹೇಳಿದರು. "ನೆರಳಲ್ಲಿ ಕೂತು ಮಾಡೋ ಕೆಲಸ ಕೊಟ್ರೂ ಕಷ್ಟದ್ದೇ ಬೇಕು ಅಂತಾನೆ. ಸಂಕೋಚ ಬೇಡಪ್ಪ."

"ಸಂಕೋಚ ಅಲ್ಲ ಸಾರ್. ಹಗಲು ಮನೇಲಿ ಮಗು ನೋಡ್ಕೊಳ್ಳೋಕೆ ಯಾರೂ ಇಲ್ಲ."

"ಯಾಕೆ?" ಎಂದ ಮ್ಯಾನೇಜರ್. "ಹೆಂಡತಿ ಇಲ್ವಾ?"

ಯಾರ್ಡಿಗೆ ಯಾರ್ಡೇ ಹೋ ಎಂದು ನಕ್ಕಿತು. ಯಜಮಾನರೂ ನಕ್ಕರು. ಅದು ಕೆಟ್ಟ ನಗುವಾಗಿರಲಿಲ್ಲ. ಒಬ್ಬನಿಗೆ ಒಳ್ಳೆಯದು ಮಾಡಿದೆವೆಂದು ಖಾತ್ರಿಯಾದಾಗ ಜನ ನಗುವ ನಗು ಅದು. ಅದಕ್ಕಿಂತ ಒದೆ ತಿನ್ನುವುದು ಮೇಲು.

ಮ್ಯಾನೇಜರ್ ಅವನ ಕೈಯಿಂದ ಕೀ ತೆಗೆದ. ಬೊಬ್ಬೆ ಒಡೆದ ಹೆಬ್ಬೆರಳಿಗೆ ಕೀ ಉಜ್ಜಿ ಹೋಯಿತು. ಮೀಸೆ ಶಪಿಸುತ್ತಾ ಕ್ಯಾಬಿನ್ ಹತ್ತಿ, ಸೀಟು ಹಿಂದಕ್ಕೆ ಸರಿಸಿಕೊಂಡು, ಕನ್ನಡಿ ತನ್ನ ಮುಖಕ್ಕೆ ತಿರುಗಿಸಿಕೊಂಡು, ಲೋಡಿಗೆ ಗಾಡಿ ತಿರುಗಿಸಿದ. ತಿರುಗುವಾಗ ಬೆಳಕು ಪೂರ್ತಿಯಾಗಿ ಮಿಣುಕನ ಮುಖದ ಮೇಲೆ ಬಿತ್ತು. ಅವನು ಕೈ ಅಡ್ಡ ಹಿಡಿದ. ಬಹಳ ಒಳ್ಳೆಯ ಬೆಳಕು, ಒಂದಿಷ್ಟೂ ದೋಷವಿರಲಿಲ್ಲ.

"ಏನಪ್ಪ, ಖುಷಿ ತಾನೆ?" ಎಂದರು ಯಜಮಾನರು. "ಮಾತೇ ಹೊರಡ್ತಿಲ್ಲವಲ್ಲ!"

ಅವನು ಗೇಟಿನ ಕಡೆ ಹೊರಟ. ಭಾವಮೈದ ಅಡ್ಡ ಬಂದ. ಅವನ ಕಿವಿ ಇಷ್ಟು ಹೊತ್ತೂ ಫೋನಿನಲ್ಲಿತ್ತು, ಯಜಮಾನರು ಏನು ಹೇಳಿದರೆಂದು ಅವನಿಗೆ ತಿಳಿದಿರಲಿಲ್ಲ. ಅದನ್ನೇ ಮುಂದಕ್ಕೆ ಚಾಚಿದ.

"ಭಾವ, ತಗೊಳ್ಳಿ, ಅಕ್ಕ ಮಾತಾಡ್ಬೇಕಂತೆ. ಒಪ್ಪಿಕೊಂಡು ರುಜು ಹಾಕಿ ಬಂದ್ಲಂತೆ. ನಗ್ತಿದಾಳೆ ನೋಡಿ, ಕೇಳಿಸ್ತಿದೆಯಾ?"

ಕೇಳಿಸುತ್ತಿತ್ತು. ಮಿಣುಕ ಫೋನಿನ ಪಕ್ಕದಿಂದ ಹಾದು ನಡೆದುಹೋದ.